ಕೇಳಿದ್ದಕ್ಕೆ ಹೇಳಿದ್ದು: ನೆಲದಡಿಯ ಮಾಡು, ಗಾಳಿ, ಕಂಬ

ಕಳೆದ ಸಂಚಿಕೆಯಲ್ಲಿ ತೆಲಂಗಾಣದ ಸಿಂಗರೇಣಿಯ ನೆಲದಡಿಯ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಪುಟದ ಟಿಪ್ಪಣಿ ಹಾಕಿದ್ದೆವು. ಮೊದಲ ಸುತ್ತಿನಲ್ಲಿ ಮುಕ್ಕಾಲು ಪಾಲು ಕಲ್ಲಿದ್ದಲನ್ನು ಒಳಗೇ ಬಿಟ್ಟು ಬರುವುದುಂಟು ಎಂಬ ಒಂದು ಸಾಲಿಗೆ ಶಿವಮೊಗ್ಗ ಜಿಲ್ಲೆಯಿಂದಲೂ ಘಟ್ಟದ ಊರುಗಳಿಂದಲೂ ಸಾಕಷ್ಟು ಕಾಗದ ಬಂದವು. ಬೇರೆ ಬೇರೆ ವಿಷಯಕ್ಕೆ ಕೇಳಿದವನ್ನೂ ಸೇರಿಸಿ, ಆಯ್ದವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ತೀರ್ಥಹಳ್ಳಿಯಿಂದ ಒಬ್ಬ ಅಡಿಕೆ ಬೆಳೆಗಾರರು: ತೋಟದ ಬಾವಿ ತೋಡುವಾಗ 35 ಅಡಿಯಲ್ಲಿ ಕರಿ ಕಲ್ಲು ಸಿಕ್ಕಿದೆ. ಮುಟ್ಟಿದರೆ ಕೈಗೆ ಮಸಿಯಾಗುತ್ತದೆ. ಊರಲ್ಲಿ ಕಲ್ಲಿದ್ದಲು ಅನ್ನುತ್ತಿದ್ದಾರೆ. ಯಾರಿಗೆ ತಿಳಿಸಬೇಕು?

ತಿಳಿಸುವ ಮೊದಲು ಒಂದು ಚೂರನ್ನು ಎರಡು ದಿನ ಬಿಸಿಲಿಗಿಟ್ಟು ಒಲೆಯ ಕೆಂಡದ ಮೇಲೆ ಹಾಕಿ. ಕಲ್ಲಿದ್ದಲಾದರೆ ಹೊಗೆಯಾಡಿ ಹತ್ತಿಕೊಂಡು ಕೊನೆಗೆ ಬೂದಿಯಾಗುತ್ತದೆ. ನಿಮ್ಮ ಕಲ್ಲು ಕೆಂಪಗೆ ಕಾದು, ಆರಿದ ಮೇಲೆ ಕಲ್ಲಾಗಿಯೇ ಉಳಿಯುತ್ತದೆ ಎಂಬುದು ನಮ್ಮ ಅಂದಾಜು. ಬೆರಳಿಗೆ ಎಣ್ಣೆ ಸವರಿದ ಹಾಗೆ ಜಾರಿ, ಕಾಗದದ ಮೇಲೆ ಪೆನ್ಸಿಲಿನಂತೆ ಹೊಳೆಯುವ ಗೆರೆ ಬಿಟ್ಟರೆ ಅದರಲ್ಲಿ ಗ್ರಾಫೈಟ್ ಇದೆ. ಹಾಳೆಹಾಳೆಯಾಗಿ ಬಿಟ್ಟುಕೊಂಡರೆ ಕರಿ ಶಿಸ್ಟ್ ಎಂಬ ಪದರಗಲ್ಲು. ಗಾತ್ರಕ್ಕೆ ಮೀರಿ ಭಾರವಿದ್ದರೆ ಮ್ಯಾಂಗನೀಸ್ ಅದಿರು ಇರಬಹುದು, ಕುಂಸಿಯ ಕಡೆ ಅದನ್ನೇ ಗಣಿ ಮಾಡಿ ತೆಗೆದರು. ಕಲ್ಲಿದ್ದಲು ಮಾತ್ರ ಹಗುರ. ಒಂದು ಲೀಟರ್ ನೀರಿನಷ್ಟು ಗಾತ್ರಕ್ಕೆ ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ, ಅಷ್ಟೆ.

ಇಷ್ಟು ಧೈರ್ಯದಿಂದ ಹೇಳುವುದಕ್ಕೆ ಕಾರಣ ಬಂಡೆಯ ವಯಸ್ಸು. ಶಿವಮೊಗ್ಗದ ಸುತ್ತಿನ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ನೆಲದ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ. ಕಲ್ಲಿದ್ದಲಾಗಲು ಮೊದಲು ಕಾಡು ಬೇಕು, ಆ ಕಾಡು ಜೌಗಿನಲ್ಲಿ ಹೂತುಹೋಗಬೇಕು. ಸಿಂಗರೇಣಿಯಿರುವ ಗೋದಾವರಿ ಕಣಿವೆಯ ಗೊಂಡ್ವಾನ ಎಂಬ ಶಿಲಾ ಪದರಗಳಲ್ಲಿ ಅದು ನಡೆದದ್ದು 25ರಿಂದ 30 ಕೋಟಿ ವರ್ಷಗಳ ಹಿಂದೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕುಲುಮೆ ಇಲ್ಲಿನ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಲಿನ ಮೇಲೆ ನಡೆದದ್ದೂ ಇದೇ ಕಾರಣಕ್ಕೆ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ.

ಭದ್ರಾವತಿಯಿಂದ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ: ಮುಕ್ಕಾಲು ಪಾಲು ಬಿಟ್ಟು ಬರುವುದೆಂದರೆ ನಷ್ಟವಲ್ಲವೇ? ಕಂಬ ಸಣ್ಣ ಮಾಡಿದರೆ ಏನಾಗುತ್ತದೆ? ಬಿಟ್ಟದ್ದನ್ನು ಆಮೇಲೆ ತೆಗೆಯುವುದು ಹೇಗೆ?

ಬೋರ್ಡ್ ಅಂಡ್ ಪಿಲ್ಲರ್ ಎಂಬ ಈ ಪದ್ಧತಿಯನ್ನು ಅಡಿಕೆ ತೋಟದ ನಕ್ಷೆಯಂತೆ ಊಹಿಸಿಕೊಳ್ಳಿ. ಉದ್ದಕ್ಕೂ ಅಡ್ಡಕ್ಕೂ ಓಣಿ, ನಡುವೆ ಕಡಿಯದೆ ಬಿಟ್ಟ ಕಲ್ಲಿದ್ದಲಿನ ಚೌಕ ಕಂಬ. ತೋಟದಲ್ಲಿ 9 ಅಡಿಗೊಂದು ಸಣ್ಣ ಮರ, ಮಿಕ್ಕಿದ್ದೆಲ್ಲ ಖಾಲಿ. ಗಣಿಯಲ್ಲಿ ತಿರುಗಾಮುರುಗಾ: ಓಣಿ ಕಿರಿದು, ಕಂಬ ಮನೆಯಂಗಳದಷ್ಟು. ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮದ ಪ್ರಕಾರ ಓಣಿ ಸಾಮಾನ್ಯವಾಗಿ 4.8 ಮೀಟರಿಗಿಂತ ಅಗಲ, 3 ಮೀಟರಿಗಿಂತ ಎತ್ತರ ಆಗುವಂತಿಲ್ಲ. ಕಂಬದ ಅಳತೆ ಆಳದ ಜೊತೆ ಬೆಳೆಯುತ್ತದೆ. ಓಣಿ 4.8 ಮೀಟರ್ ಇದ್ದರೆ, 60 ಮೀಟರ್ ಆಳದವರೆಗೆ ಕಂಬದ ನಡುವಿನಿಂದ ನಡುವಿಗೆ ಕನಿಷ್ಠ 19.5 ಮೀಟರ್, 240ರಿಂದ 360 ಮೀಟರ್ ಆಳದಲ್ಲಿ 45 ಮೀಟರ್, ಅದಕ್ಕೂ ಕೆಳಗೆ 48 ಮೀಟರ್.

ಈಗ ಪೆನ್ಸಿಲು ಹಿಡಿಯಿರಿ. 19.5ರ ಚೌಕದಲ್ಲಿ ಓಣಿಯ 4.8 ಕಳೆದರೆ ಉಳಿಯುವ ಕಂಬ 14.7 ಮೀಟರ್. 14.7ನ್ನು 19.5ರಿಂದ ಭಾಗಿಸಿ ವರ್ಗ ಮಾಡಿದರೆ 0.57. ಅಂದರೆ ನೂರಕ್ಕೆ 57 ಪಾಲು ಕಂಬದಲ್ಲಿ, 43 ಪಾಲು ಹೊರಗೆ. 45 ಮೀಟರ್ ಚೌಕದಲ್ಲಿ ಕಂಬ 40.2 ಮೀಟರ್, 80 ಪಾಲು ಅಲ್ಲೇ ನಿಂತಿತು. ಆಳಕ್ಕೆ ಹೋದಷ್ಟೂ ಮೊದಲ ಸುತ್ತಿನ ಫಸಲು ಕಡಿಮೆ.

ಸಣ್ಣ ಮಾಡಿದರೆ ಏನಾಗುತ್ತದೆ ಎಂಬುದೂ ಇದೇ ಲೆಕ್ಕದಲ್ಲಿದೆ. 300 ಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ, ಘನ ಮೀಟರಿಗೆ 2.5 ಟನ್‌ನಂತೆ, ಚದರ ಮೀಟರಿಗೆ 750 ಟನ್. ಓಣಿಯ ಮೇಲಿನ ಭಾರವೂ ಕಂಬಕ್ಕೇ ಹೋಗಬೇಕು. 45 ಮೀಟರ್ ಚೌಕದಲ್ಲಿ ಕಂಬದ ಮೇಲೆ ಚದರ ಮೀಟರಿಗೆ ಸುಮಾರು 940 ಟನ್ ಬೀಳುತ್ತದೆ. ಅದೇ ಆಳದಲ್ಲಿ 19.5 ಮೀಟರ್ ಚೌಕ ಬಿಟ್ಟರೆ 1320 ಟನ್. ಭಾರ ಹೆಚ್ಚುವುದರ ಜೊತೆಗೆ ಕಂಬದ ತಾಳಿಕೆಯೂ ಇಳಿಯುತ್ತದೆ, ಏಕೆಂದರೆ ಎತ್ತರಕ್ಕೆ ಹೋಲಿಸಿ ಅಗಲವಾದ ಕಂಬ ಗಟ್ಟಿ, ಸಪೂರವಾದದ್ದು ಸೊರಗು. ಅಂಚಿನಿಂದ ಚಕ್ಕೆ ಏಳುತ್ತ ಏಳುತ್ತ ಕಂಬ ತೆಳ್ಳಗಾಗುತ್ತದೆ. ಒಂದು ಕುಸಿದರೆ ಅದರ ಹೊರೆ ಪಕ್ಕದ ನಾಲ್ಕಕ್ಕೆ. ಅವೂ ಅಂಚಿನ ಮೇಲೆಯೇ ನಿಂತಿದ್ದರೆ ಇಡೀ ಭಾಗ ಸರದಿಯಲ್ಲಿ ಕುಸಿಯುತ್ತದೆ.

ಬಿಟ್ಟದ್ದನ್ನು ತೆಗೆಯುವ ಕೆಲಸಕ್ಕೆ ಡಿಪಿಲ್ಲರಿಂಗ್ ಎನ್ನುತ್ತಾರೆ. ಗಣಿಯ ಎಲ್ಲ ಕೆಲಸಗಳಲ್ಲಿ ಬುದ್ಧಿ ಹೆಚ್ಚು ಬೇಡುವುದು ಇದು ಎಂಬುದು ನಮ್ಮ ಅಭಿಪ್ರಾಯ. ಹೋಗುವಾಗ ಓಣಿ ತೋಡುತ್ತ ಗಡಿಯವರೆಗೆ ಹೋಗಿ, ಬರುವಾಗ ಕಂಬ ತಿನ್ನುತ್ತ ಹಿಂದೆ ಸರಿಯುವುದು. ಮೊದಲು ಕಂಬದ ನಡುವೆ ಒಂದು ಓಣಿ ಸೀಳಿ ಎರಡು ಹೋಳು ಮಾಡುತ್ತಾರೆ. ಆಮೇಲೆ ಒಂದೊಂದು ಹೋಳನ್ನೂ ಅಡ್ಡಡ್ಡವಾಗಿ ಪಟ್ಟಿ ಪಟ್ಟಿಯಾಗಿ ತೆಗೆಯುತ್ತಾರೆ. ಕಲ್ಲಿದ್ದಲು ಖಾಲಿಯಾಗಿ ಮಾಡು (ತಲೆಯ ಮೇಲಿನ ಬಂಡೆ) ಬೀಳಲು ಬಿಟ್ಟ ಜಾಗಕ್ಕೆ ಗೋಫ್ ಎಂದು ಹೆಸರು. ತೆಗೆಯುವ ಪಟ್ಟಿಗೂ ಗೋಫಿಗೂ ನಡುವೆ ಎರಡು ಮೀಟರಿನಷ್ಟು ತೆಳು ಗೋಡೆ ಬಿಟ್ಟಿರುತ್ತಾರೆ, ಅದನ್ನು ಕೊನೆಗೆ ಆದಷ್ಟು ತೆಳ್ಳಗೆ ಮಾಡಿ ಹಿಂದೆ ಸರಿಯುತ್ತಾರೆ. ಹಿಂಜರಿಯುವ ಗೆರೆ ನಕ್ಷೆಯ ಮೇಲೆ ಓರೆಯಾಗಿರಬೇಕು. ಒಂದು ಕಂಬ ಗೋಫಿನೊಳಕ್ಕೆ ಮೂತಿ ಚಾಚಿ ನಿಂತರೆ ಎರಡೂ ಕಡೆಯ ಹೊರೆ ಅದರ ಮೇಲೆಯೇ.

ಇಲ್ಲಿ ಕೆಡುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ಮೊದಲನೆಯದು, ಮಾಡು ಬೇಗ ಬೀಳುವುದು. ಇದು ಎಲ್ಲರಿಗೂ ಗೊತ್ತಿರುವ ಭಯ. ಎರಡನೆಯದು, ಮಾಡು ಬೀಳದೇ ಇರುವುದು. ಗಟ್ಟಿ ಮರಳುಗಲ್ಲಿನ ಮಾಡು ನಾಲ್ಕು ಕಂಬದ ಜಾಗ ಖಾಲಿಯಾದರೂ ಜಪ್ಪೆನ್ನದೆ ನೇತಾಡುತ್ತದೆ. ಹೊಸಬರು ಇದನ್ನು ನೋಡಿ ಒಳ್ಳೆಯ ಮಾಡು ಎನ್ನುತ್ತಾರೆ. ಅದು ಒಂದೇ ಸಲಕ್ಕೆ ಬಿದ್ದಾಗ ಗೋಫಿನಲ್ಲಿದ್ದ ಗಾಳಿಯೆಲ್ಲ ಓಣಿಗೆ ನುಗ್ಗಿ ಮನುಷ್ಯರನ್ನು ಎತ್ತಿ ಎಸೆಯುತ್ತದೆ. ಅದಕ್ಕೇ ನೇತಾಡುವ ಮಾಡಿಗೆ ಉದ್ದ ತೂತು ಕೊರೆದು ಮದ್ದು ಹಾಕಿ, ಬೇಕೆಂದೇ ಸ್ವಲ್ಪ ಸ್ವಲ್ಪ ಕೆಡವುತ್ತಾರೆ. ಹಿಂದೆ ಬಿಟ್ಟ ತುಣುಕು ಕಂಬಗಳು ದೊಡ್ಡದಾಗಿದ್ದರೂ ಇದೇ ಗತಿ. ಉಳಿಸಿದ್ದೇವೆಂದು ಅಂದುಕೊಂಡದ್ದು ಮಾಡನ್ನು ಹಿಡಿದಿಟ್ಟು ಅಪಾಯ ಮುಂದೂಡುತ್ತದೆ. ಮೇಲೆ ಊರೋ ಹೊಳೆಯೋ ಇದ್ದರೆ ಕೆಡವುವ ಮಾತೇ ಇಲ್ಲ. ಖಾಲಿ ಜಾಗಕ್ಕೆ ಮರಳು-ನೀರು ಪೈಪಿನಲ್ಲಿ ಇಳಿಸಿ ತುಂಬುತ್ತಾರೆ, ನೀರು ಬಸಿದು ಹೋಗಿ ಮರಳು ನಿಲ್ಲುತ್ತದೆ.

ಸಾಗರದಿಂದ ಒಬ್ಬರು: ಗಣಿಯೊಳಗೆ ಮರದ ಕಂಬ ಊರುತ್ತಾರಂತೆ. ನಮ್ಮಲ್ಲಿ ಮುದಿ ಅಡಿಕೆ ಮರ ಬೇಕಾದಷ್ಟಿದೆ. ಮಾರಬಹುದೇ?

ಅಡಿಕೆ ಮರ ಆಗುವುದಿಲ್ಲ. ಸುತ್ತಲಿನ ದಬ್ಬೆ ಗಟ್ಟಿ, ಒಳಗೆ ಮೆತ್ತನೆಯ ತಿರುಳು. ತುದಿಗೆ ಬೆಣೆ ಬಡಿದು ಮೇಲಿನಿಂದ ಹತ್ತಾರು ಟನ್ ಕೂತರೆ ಉದ್ದಕ್ಕೆ ಸೀಳುತ್ತದೆ. ಗಣಿಯಲ್ಲಿ ಹೆಚ್ಚಾಗಿ ಬಳಸಿದ್ದು ಸಾಲ್ ಮರ. ಈಗ ಅದೂ ಗೋಫಿನ ಅಂಚಿಗೆ, ಅಟ್ಟಳಿಗೆಯಂತೆ ಅಡ್ಡಡ್ಡ ಪೇರಿಸುವ ಮರದ ಆಸರೆಗೆ ಮಾತ್ರ. ಓಣಿಯ ಕೆಲಸಕ್ಕೆ ರೂಫ್ ಬೋಲ್ಟ್, ಅಂದರೆ ಮಾಡಿನ ಬಂಡೆಯೊಳಗೆ ಕೂರಿಸುವ ಉಕ್ಕಿನ ಸರಳು ಬಂದಿದೆ. ಮಾಡನ್ನು ಕೆಳಗಿನಿಂದ ಎತ್ತಿ ಹಿಡಿಯುವ ಬದಲು, ಮೇಲಿನ ಪದರಗಳನ್ನು ಒಂದಕ್ಕೊಂದು ಹೊಲಿದು ದಪ್ಪ ಹಲಗೆ ಮಾಡುವ ಉಪಾಯ ಅದು.

ಕ್ರಮ ಹೀಗೆ. ಮೊದಲು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಮಾಡನ್ನು ತಟ್ಟಿ ನೋಡುವುದು. ಹಲಸಿನಹಣ್ಣು ತಟ್ಟಿದ ಹಾಗೆಯೇ, ಆದರೆ ಅರ್ಥ ಬೇರೆ: ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಪದರ ಬಿಟ್ಟಿದೆ. ಬಿಟ್ಟದ್ದನ್ನು ಪಕ್ಕಕ್ಕೆ ನಿಂತು ಕೆಡವಬೇಕು, ಕೆಳಗೆ ನಿಂತಲ್ಲ. ಆಮೇಲೆ 1.8 ಮೀಟರ್ ಬೋಲ್ಟಿಗೆ ಅಷ್ಟೇ ಉದ್ದದ ತೂತು. ಬೋಲ್ಟನ್ನು ಬಂಡೆಗೆ ಅಂಟಿಸುವ ರಾಳದ ಕ್ಯಾಪ್ಸೂಲುಗಳನ್ನು ತೂರಿಸುವಾಗ ಬೇಗ ಗಟ್ಟಿಯಾಗುವುದು ಮೇಲೆ, ನಿಧಾನದ್ದು ಕೆಳಗೆ. ಬೋಲ್ಟನ್ನು ತಿರುಗಿಸುತ್ತ ತಳದವರೆಗೆ ನುಗ್ಗಿಸಿ, ಕ್ಯಾಪ್ಸೂಲು ತಯಾರಿಸಿದವರು ಹೇಳಿದಷ್ಟು ಸೆಕೆಂಡು ತಿರುಗಿಸಿ, ಹೇಳಿದಷ್ಟು ಸೆಕೆಂಡು ಅಲುಗಾಡದೆ ಹಿಡಿದು, ಪ್ಲೇಟು ಹಾಕಿ ನಟ್ಟು ಬಿಗಿಯುವುದು. ಸಿಮೆಂಟ್ ಕ್ಯಾಪ್ಸೂಲಾದರೆ ಮೊದಲು ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಬೇಕು.

ಕೆಡುವುದು ತೂತಿನಲ್ಲಿ. 22 ಮಿ.ಮೀ. ಬೋಲ್ಟಿಗೆ 28 ಮಿ.ಮೀ. ತೂತು ಇದ್ದರೆ, 24 ಮಿ.ಮೀ. ದಪ್ಪದ ಕ್ಯಾಪ್ಸೂಲು 94 ಸೆಂಟಿಮೀಟರ್ ಉದ್ದಕ್ಕೆ ಸಾಕು. ಆ ಅಳತೆಯ ಡ್ರಿಲ್ ಬಿಟ್ ಸಿಗಲಿಲ್ಲವೆಂದು 32ರಲ್ಲಿ ಕೊರೆದರೆ 1.69 ಮೀಟರ್ ಬೇಕು. ನಾಲ್ಕು ಮಿಲಿಮೀಟರಿಗೆ 80 ಪಾಲು ಹೆಚ್ಚು ರಾಳ! ಅಷ್ಟು ಯಾರೂ ಹಾಕುವುದಿಲ್ಲ. ಹೊರಗಿನಿಂದ ಪ್ಲೇಟು ಚಂದ ಕಾಣುತ್ತದೆ, ಒಳಗೆ ಅರ್ಧ ಬೋಲ್ಟು ಗಾಳಿಯಲ್ಲಿರುತ್ತದೆ. ಹೆಚ್ಚು ಹೊತ್ತು ತಿರುಗಿಸಿದರೆ ಹಿಡಿಯತೊಡಗಿದ ರಾಳ ಪುಡಿಯಾಗುತ್ತದೆ, ಕಡಿಮೆ ತಿರುಗಿಸಿದರೆ ಕ್ಯಾಪ್ಸೂಲಿನೊಳಗಿನ ರಾಳವೂ ಅದನ್ನು ಗಟ್ಟಿ ಮಾಡುವ ಮದ್ದೂ ಬೆರೆಯುವುದೇ ಇಲ್ಲ.

ಎಷ್ಟು ಬೋಲ್ಟು ಬೇಕೆಂಬುದಕ್ಕೆ ನಮ್ಮ ದೇಶದ ಗಣಿಗಳಲ್ಲಿ ಮಾಡಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಪದರದ ದಪ್ಪಕ್ಕೆ 30, ಬಿರುಕು-ಸೀಳುಗಳಿಗೆ 25, ನೀರಿಗೆ ಕರಗುವ ಗುಣಕ್ಕೆ 20, ಕಲ್ಲಿನ ಗಟ್ಟಿತನಕ್ಕೆ 15, ಒಸರುವ ನೀರಿಗೆ 10. 50 ಅಂಕದ ಮಾಡು, 4.2 ಮೀಟರ್ ಓಣಿ, ಘನ ಮೀಟರಿಗೆ 2.2 ಟನ್ ಕಲ್ಲು ಎಂದುಕೊಂಡರೆ ಸೂತ್ರದಂತೆ ಹೊರಬೇಕಾದ ಭಾರ ಚದರ ಮೀಟರಿಗೆ ಸುಮಾರು 3.2 ಟನ್. ಸಾಲಿನಿಂದ ಸಾಲಿಗೆ 1.2 ಮೀಟರ್ ಬಿಟ್ಟರೆ ಒಂದು ಸಾಲಿನ ಪಾಲಿಗೆ 16 ಟನ್ ಬರುತ್ತದೆ. ಒಂದೊಂದು 8 ಟನ್ ತಾಳುವ ನಾಲ್ಕು ಬೋಲ್ಟು ಹಾಕಿದರೆ ಇಮ್ಮಡಿ ಭದ್ರತೆ. ನಾಲ್ಕು ಓಣಿ ಕೂಡುವ ಜಾಗಕ್ಕೆ ಈ ಲೆಕ್ಕ ಸಾಲದು. 4.8 ಮೀಟರ್ ಓಣಿಗಳು ಕೂಡಿದಲ್ಲಿ ಮೂಲೆಯಿಂದ ಮೂಲೆಗೆ 6.8 ಮೀಟರ್ ತೆರವಿರುತ್ತದೆ, ಮಾಡು ಬೀಳುವುದು ಹೆಚ್ಚಾಗಿ ಅಲ್ಲೇ.

ಒಂದು ವಿಷಯದಲ್ಲಿ ಮರ ಗೆಲ್ಲುತ್ತದೆ. ಹೊರೆ ಮೀರಿದಾಗ ಮರದ ಕಂಬ ಚಟಚಟ ಎಂದು ಕೂಗಿ ಹೇಳುತ್ತಿತ್ತು. ಬೋಲ್ಟು ಮಾತಾಡುವುದಿಲ್ಲ. ಅದರಿಂದಲೇ ಓಣಿ ಕೂಡುವಲ್ಲೆಲ್ಲ ಟೆಲ್‌ಟೇಲ್ ಎಂಬ ಅಳತೆಗೋಲು ನೇತುಹಾಕುತ್ತಾರೆ. ಅದರ ತಂತಿ ಮಾಡಿನೊಳಗೆ ಮೇಲಿನ ಗಟ್ಟಿ ಪದರಕ್ಕೆ ಸಿಕ್ಕಿಸಿರುತ್ತದೆ. ಮಾಡು ಇಳಿದಷ್ಟೂ ಹಸಿರು, ಹಳದಿ, ಕೆಂಪು ಪಟ್ಟೆಗಳು ಒಂದೊಂದಾಗಿ ಮರೆಯಾಗುತ್ತವೆ.

ಶಿಕಾರಿಪುರದ ಒಬ್ಬ ಜೆಸಿಬಿ ಚಾಲಕರು: ಇಷ್ಟೆಲ್ಲ ಬದಲು ಒಂದು ಜೆಸಿಬಿ ಇಳಿಸಿದರೆ ಆಗದೇ?

ನಿಮ್ಮ ಗಾಡಿ ನಿಲ್ಲುವ ಎತ್ತರವೂ ಅಲ್ಲಿಲ್ಲ, ಬೂಮು ಎತ್ತುವ ಮಾತು ಬಿಡಿ. ಎಂಜಿನ್ ಹೊಗೆ, ಕಿಡಿ, ಬಿಸಿ ಸೈಲೆನ್ಸರ್ ಮೂರೂ ಅಲ್ಲಿ ಶತ್ರುಗಳು. ನಿಮ್ಮ ಕೆಲಸಕ್ಕೆ ಹತ್ತಿರದ ಯಂತ್ರ ಎಸ್‌ಡಿಎಲ್, ಅಂದರೆ ಸೈಡ್ ಡಿಸ್ಚಾರ್ಜ್ ಲೋಡರ್. ಚೈನಿನ ಮೇಲೆ ನಡೆಯುತ್ತದೆ, ಕರೆಂಟಿನಲ್ಲಿ ಓಡುತ್ತದೆ, ಬಕೆಟ್ಟನ್ನು ಮುಂದಕ್ಕಲ್ಲ, ಪಕ್ಕಕ್ಕೆ ಮಗುಚುತ್ತದೆ, ಏಕೆಂದರೆ ಇಕ್ಕಟ್ಟಿನಲ್ಲಿ ತಿರುಗಲು ಜಾಗವಿಲ್ಲ. ಮದ್ದು ಸಿಡಿಸಿ ಬಿದ್ದ ಕಲ್ಲಿದ್ದಲನ್ನು ತುಂಬಿ ಚೈನ್ ಕನ್ವೇಯರಿಗೆ ಹಾಕುತ್ತದೆ. 4.2 ಮೀಟರ್ ಅಗಲ, 3 ಮೀಟರ್ ಎತ್ತರದ ಮುಖದಲ್ಲಿ (ಎದುರಿಗಿನ ಕಡಿಯುವ ಕಲ್ಲಿದ್ದಲ ಗೋಡೆಯಲ್ಲಿ) ಒಂದು ಸುತ್ತು ಸಿಡಿಸಿ 1.4 ಮೀಟರ್ ಮುಂದೆ ಹೋದರೆ ಸಿಗುವುದು 25 ಟನ್.

ಮದ್ದೇ ಬೇಡವೆಂದರೆ ಕಂಟಿನ್ಯುಯಸ್ ಮೈನರ್. ಮುಂದೆ ಹಲ್ಲು ತುಂಬಿದ ಅಗಲ ಡ್ರಮ್ಮು, ಕೆಳಗೆ ಬಾಚುವ ಕೈಗಳು, ನಡುವೆ ಕನ್ವೇಯರು. ಕಡಿದದ್ದು ಹಿಂದೆ ನಿಂತ, ಕಲ್ಲಿದ್ದಲು ಸಾಗಿಸುವ ಶಟಲ್ ಕಾರಿಗೆ, ಅಲ್ಲಿಂದ ಗಟ್ಟಿ ಒಡೆಯುವ ಫೀಡರ್ ಬ್ರೇಕರಿಗೆ, ಅಲ್ಲಿಂದ ಬೆಲ್ಟಿಗೆ. ಭಾರತದಲ್ಲಿ ಇದು ಮೊದಲು ಇಳಿದದ್ದು 2002ರಲ್ಲಿ, ಛತ್ತೀಸಗಡದ ಚಿರಿಮಿರಿಯ ಅಂಜನ್ ಹಿಲ್ ಗಣಿಯಲ್ಲಿ. ಯಂತ್ರ ಒಂದೇ ಸಮನೆ ಕಡಿಯುತ್ತ ಹೋಗಬಲ್ಲದು, ಆದರೆ ಬೋಲ್ಟು ಹಾಕದ ಮಾಡಿನ ಕೆಳಗೆ ಮನುಷ್ಯ ಹೋಗುವಂತಿಲ್ಲ. ಹಾಗಾಗಿ ಒಂದು ಮುಖ ಕಡಿದು ಪಕ್ಕದ ಓಣಿಗೆ ಸರಿಯುತ್ತದೆ, ಬೋಲ್ಟು ಹಾಕುವ ಯಂತ್ರ ಇಲ್ಲಿಗೆ ಬರುತ್ತದೆ. ಯಂತ್ರ ನಿಲ್ಲುವುದು ಬಹಳ ಸಲ ಹಲ್ಲಿನಿಂದಲ್ಲ, ಶಟಲ್ ಕಾರು ತನ್ನ ಕರೆಂಟಿನ ಕೇಬಲ್ಲಿನ ಮೇಲೆ ತಾನೇ ಹತ್ತುವುದರಿಂದ.

ಹೊಸನಗರದಿಂದ: ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುತ್ತೇವೆ. ಗಣಿಯಲ್ಲೂ ದೀಪ ಒಯ್ಯುತ್ತಾರಂತೆ. ಎರಡೂ ಒಂದೇ ಪರೀಕ್ಷೆಯೇ?

ಅರ್ಧ ಒಂದೇ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಪಾಲು. ಅದು 16-17ಕ್ಕೆ ಇಳಿದಾಗ ದೀಪ ಆರುತ್ತದೆ. ಗಣಿಯ ನಿಯಮ ಬೇಡುವುದು ಕನಿಷ್ಠ 19. ಅಂದರೆ ನಿಮ್ಮ ದೀಪ ಸಣ್ಣಗೆ ಉರಿಯುತ್ತಿದ್ದರೂ ಇಳಿಯುವವನ ತಲೆ ಆಗಲೇ ಮಂದವಾಗಿರಬಹುದು. ದೀಪ ಚೆನ್ನಾಗಿ ಉರಿದರೂ ಕಾರ್ಬನ್ ಮಾನಾಕ್ಸೈಡ್ ಇರುವುದು ಗೊತ್ತಾಗುವುದಿಲ್ಲ. ಬಾವಿಯೊಳಗೆ ಪೆಟ್ರೋಲ್ ಪಂಪ್ ಇಳಿಸಿ ಓಡಿಸಿದ್ದರೆ ಅಲ್ಲಿರುವುದು ಅದೇ. ಬ್ಲೋವರಿನ ಪೈಪನ್ನು ತಳದವರೆಗೆ ಬಿಟ್ಟು ಅರ್ಧ ಗಂಟೆ ಗಾಳಿ ಊದಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು ಇಳಿಸಿ. ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯಬಾರದು. ಗೋಬರ್ ಗ್ಯಾಸಿನ ಗುಂಡಿಗಂತೂ ದೀಪ ತೋರಿಸಲೇಬೇಡಿ. ಅಲ್ಲಿರುವುದು ಮೀಥೇನ್.

ಗಣಿಯ ದೀಪದ ಇನ್ನರ್ಧ ಕೆಲಸ ಅದೇ ಮೀಥೇನನ್ನು ಕಾಣುವುದು. 1815ರಲ್ಲಿ ಹಂಫ್ರಿ ಡೇವಿ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಹಾಕಿದರು. ಬಲೆ ಶಾಖವನ್ನು ಹೀರುವುದರಿಂದ ಒಳಗಿನ ಉರಿ ಹೊರಗಿನ ಅನಿಲಕ್ಕೆ ದಾಟುವುದಿಲ್ಲ. ಬತ್ತಿ ಇಳಿಸಿದಾಗ ಜ್ವಾಲೆಯ ಮೇಲೆ ಮಸುಕು ನೀಲಿ ಟೊಪ್ಪಿ ಕಂಡರೆ ಮೀಥೇನ್ ಇದೆ, ಟೊಪ್ಪಿ ಉದ್ದವಾದಷ್ಟೂ ಹೆಚ್ಚು. ಮೀಥೇನ್ ಗಾಳಿಗಿಂತ ಹಗುರ, ಮಾಡಿಗೆ ಅಂಟಿ ನಿಲ್ಲುತ್ತದೆ. ಎದೆಯ ಮಟ್ಟದಲ್ಲಿ ಹಿಡಿದು ಏನೂ ಇಲ್ಲ ಎನ್ನುವುದು ದೊಡ್ಡ ತಪ್ಪು. 5ರಿಂದ 15 ಪಾಲಿನ ನಡುವೆ ಅದು ಸಿಡಿಯುತ್ತದೆ. ನಿಯಮ ಅಷ್ಟರವರೆಗೆ ಕಾಯುವುದಿಲ್ಲ, 1.25 ಪಾಲಿಗೇ ಕರೆಂಟು ಕಡಿದು ಜನರನ್ನು ಹೊರಡಿಸಬೇಕು. ಈಗ ಎಲೆಕ್ಟ್ರಾನಿಕ್ ಮೀಥನೋಮೀಟರುಗಳಿವೆ, ನೀಲಿ ಟೊಪ್ಪಿಯನ್ನು ಕಣ್ಣಂದಾಜಿಗೆ ನೋಡುವುದಕ್ಕಿಂತ ಅವು ಮೇಲು.

ಮೀಥೇನನ್ನು ತೊಳೆದು ಹಾಕುವುದು ಗಾಳಿ. ಒಂದು ಭಾಗದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದಿನದ ಪ್ರತಿ ಟನ್ ಕಲ್ಲಿದ್ದಲಿಗೆ 2.5 ಘನ ಮೀಟರ್, ಯಾವುದು ದೊಡ್ಡದೋ ಅದು. ನೂರು ಜನ, 400 ಟನ್ ಎಂದರೆ 600 ಮತ್ತು 1000. ಆದ್ದರಿಂದ 1000. ಗಾಳಿ ಇಮ್ಮಡಿ ಬೇಕಾದರೆ ಫ್ಯಾನ್ ಇಮ್ಮಡಿ ಮಾಡಿದರೆ ಸಾಲದು. ಅದೇ ಓಣಿಯಲ್ಲಿ ಇಮ್ಮಡಿ ಗಾಳಿಗೆ ನಾಲ್ಕುಪಟ್ಟು ಒತ್ತಡ, ಎಂಟುಪಟ್ಟು ಕರೆಂಟು ಬೇಕು. ಮೋಟರು ದೊಡ್ಡದು ತರುವ ಮುಂಚೆ, ಓಣಿಯಲ್ಲಿ ಬಿದ್ದ ಕಲ್ಲು ತೆಗೆಸಿ, ಬಾಗಿಲು-ಗೋಡೆಗಳ ಸೋರಿಕೆ ಮುಚ್ಚಿಸಿ.

ಶಿವಮೊಗ್ಗದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು: ಗಣಿಯಿಂದ ಬಂದ ಹಳೇ ಫ್ಲೇಮ್‌ಪ್ರೂಫ್ ಸ್ವಿಚ್ ಬಾಕ್ಸ್ ನೋಡಿದೆ. ಮುಚ್ಚಳದ ಫ್ಲಾಂಜು (ಅಂಚಿನ ಪಟ್ಟಿ) ಕಬ್ಬಿಣಕ್ಕೆ ಕಬ್ಬಿಣ, ಗ್ಯಾಸ್ಕೆಟ್ಟೇ ಇಲ್ಲ. ನಾನು ರಬ್ಬರ್ ಹಾಕಿ ಬಿಗಿ ಮಾಡಿ ಕೊಡಲೇ?

ಖಂಡಿತ ಬೇಡ. ಈ ಡಬ್ಬಿಯ ಉದ್ದೇಶ ಅನಿಲ ಒಳಗೆ ಬರದಂತೆ ತಡೆಯುವುದಲ್ಲ. ಅನಿಲ ಬಂದೇ ಬರುತ್ತದೆ, ಒಳಗೆ ಕಿಡಿಗೆ ಸಿಡಿದೇ ಸಿಡಿಯುತ್ತದೆ ಎಂದು ಒಪ್ಪಿಕೊಂಡು ಮಾಡಿದ ಡಬ್ಬಿ ಅದು. ಗೋಡೆ ಆ ಸಿಡಿತವನ್ನು ತಾಳಬೇಕು. ಬಿಸಿ ಅನಿಲ ಅಗಲವಾದ ಫ್ಲಾಂಜಿನ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ ನುಸುಳಿ, ಕಬ್ಬಿಣಕ್ಕೆ ಶಾಖ ಕೊಟ್ಟು, ತಣ್ಣಗಾಗಿ ಹೊರಬರಬೇಕು. ಡೇವಿಯ ಬಲೆಯದ್ದೇ ಉಪಾಯ. ರಬ್ಬರ್ ಹಾಕಿದರೆ ಸಿಡಿತದಲ್ಲಿ ಅದು ಹಾರಿಹೋಗಿ, ಅದಿದ್ದಷ್ಟು ಸಂದಿ ಹಾಗೇ ತೆರೆದುಕೊಳ್ಳುತ್ತದೆ. ಅಲ್ಲಿಂದ ಉರಿ ಹೊರಗೆ. ಫ್ಲಾಂಜಿಗೆ ಪೇಂಟ್ ಬಳಿಯಬೇಡಿ, ತುಕ್ಕನ್ನು ಗ್ರೈಂಡರಿನಿಂದ ಉಜ್ಜಬೇಡಿ, ಗೀರು ಬಿಡಬೇಡಿ. ಬೋಲ್ಟು ಒಂದು ಕಡಿಮೆಯಿದ್ದರೂ ಆ ಡಬ್ಬಿ ಫ್ಲೇಮ್‌ಪ್ರೂಫ್ ಅಲ್ಲ. ಮುಚ್ಚಿದ ಮೇಲೆ ಸುತ್ತಲೂ ಸಂದಿ ಅಳೆಯುವ ಫೀಲರ್ ಗೇಜ್ ಆಡಿಸಿ ನೋಡುವುದು ಕಡ್ಡಾಯ, ಎಲ್ಲೂ ತಯಾರಕರು ಕೊಟ್ಟ ಮಿತಿ ದಾಟಬಾರದು. ಗಣಿಗೆ ವಾಪಸು ಹೋಗುವ ಡಬ್ಬಿಯಾದರೆ, ಅದಕ್ಕೆ ಪರವಾನಗಿ ಇರುವ ವರ್ಕ್‌ಶಾಪಿಗೇ ಕಳಿಸಿ.

ಮಾಚೇನಹಳ್ಳಿಯಿಂದ ಹೈಡ್ರಾಲಿಕ್ ರಿಪೇರಿ ಮಾಡುವ ಒಬ್ಬರು: ಕಂಬ ಬಿಡದೆ ಒಂದು ಉದ್ದ ಮುಖವನ್ನೇ ಕಡಿಯುತ್ತ ಹೋಗುವ ಲಾಂಗ್‌ವಾಲ್ ಪದ್ಧತಿಯಲ್ಲಿ ಮಾಡನ್ನು ಜಾಕುಗಳೇ ಹೊರುತ್ತವೆ ಎಂದು ಬರೆದಿದ್ದಿರಿ. ಅಷ್ಟು ಭಾರ ಹೇಗೆ? ಎಣ್ಣೆ ಯಾವುದು?

ಎಣ್ಣೆಯಲ್ಲ, ನೀರು. 95 ಪಾಲು ನೀರಿಗೆ 5 ಪಾಲು ಎಣ್ಣೆ ಕದಡಿದ ಹಾಲಿನಂಥ ಎಮಲ್ಷನ್. ಶುದ್ಧ ಎಣ್ಣೆಯ ಪೈಪು ಒಡೆದರೆ ಬೆಂಕಿಗೆ ದಾರಿ. ಭಾರದ ಲೆಕ್ಕ ನಿಮಗೇ ಬರುತ್ತದೆ: 400 ಮಿ.ಮೀ. ಒಳವ್ಯಾಸದ ಒಂದು ಲೆಗ್ಗಿಗೆ (ಜಾಕಿನ ಕಾಲಿಗೆ) 450 ಬಾರ್ ಎಂದರೆ 576 ಟನ್, ಎರಡು ಲೆಗ್ಗಿಗೆ 1152. ರಾಮಗುಂಡಂ ಬಳಿಯ ಅಡ್ರಿಯಾಲ ಗಣಿಯಲ್ಲಿ ಎರಡು ಲೆಗ್ಗಿನ ಮೇಲೆ ಮಾಡನ್ನು ಹೊರುವ ಶೀಲ್ಡು ಎಂಬ ಉಕ್ಕಿನ ಆಸರೆಗಳ ತಾಕತ್ತು ಒಂದೊಂದಕ್ಕೂ ಅಷ್ಟೇ. 250 ಮೀಟರ್ ಉದ್ದದ ಮುಖಕ್ಕೆ ಅಂಥವು ನೂರನಲವತ್ತಕ್ಕೂ ಹೆಚ್ಚು, ತೋಳಿಗೆ ತೋಳು ತಾಗಿಸಿ ನಿಂತಿರುತ್ತವೆ.

ಅವುಗಳ ಮುಂದೆ ಉಕ್ಕಿನ ಚೈನ್ ಕನ್ವೇಯರು, ಅದರ ಮೇಲೆ ಸವಾರಿ ಮಾಡುವ ಶಿಯರರು ಎಂಬ ಕಡಿಯುವ ಯಂತ್ರ. ಶಿಯರರು ಒಂದು ತುದಿಯಿಂದ ಇನ್ನೊಂದು ತುದಿಗೆ 0.8 ಮೀಟರ್ ದಪ್ಪ ಸಿಪ್ಪೆ ಸುಲಿದರೆ, 3 ಮೀಟರ್ ಪದರದಲ್ಲಿ ಒಂದು ಸಲಕ್ಕೆ 840 ಟನ್. ಅದು ದಾಟಿದ ಹಿಂದೆಯೇ ಶೀಲ್ಡು ತಲೆ ಇಳಿಸಿ, ಮುಂದೆ ಹೆಜ್ಜೆಯಿಟ್ಟು, ಮತ್ತೆ ಮಾಡಿಗೆ ತಲೆ ಕೊಡುತ್ತದೆ. ಆಮೇಲೆ ಕನ್ವೇಯರನ್ನು ಹಾವಿನಂತೆ ಬಳುಕಿಸಿ ಮುಂದೆ ನೂಕುತ್ತದೆ. ಹಿಂದಿನ ಮಾಡು ಬೀಳಲೆಂದೇ ಬಿಟ್ಟದ್ದು. ಕಂಬವೇ ಇಲ್ಲದ್ದರಿಂದ ಪಟ್ಟಿಯೊಳಗಿನ ಕಲ್ಲಿದ್ದಲು ಬಹುಪಾಲು ಹೊರಗೆ ಬರುತ್ತದೆ.

ನಿಮ್ಮ ಕಸುಬಿಗೆ ಸೇರಿದ ತೊಂದರೆಗಳು ಇಂಥವು. ಪಂಪು 320 ಬಾರ್ ಕೊಟ್ಟರೆ ಶೀಲ್ಡು ತನ್ನ ತಾಕತ್ತಿನ 71 ಪಾಲಿನಲ್ಲಿ ಮಾಡಿಗೆ ಒತ್ತಿ ನಿಲ್ಲುತ್ತದೆ. ಅವಸರದಲ್ಲಿ ಆಪರೇಟರು ಲಿವರನ್ನು ಬೇಗ ಬಿಟ್ಟರೆ 100 ಬಾರಿಗೇ ನಿಂತಿರುತ್ತದೆ. ನೋಡಲು ತಾಗಿದೆ, ಹೊರುವುದು ಲೆಗ್ಗಿಗೆ 128 ಟನ್ ಮಾತ್ರ. ಮಾಡು ಮೊದಲು ಕೆಲವು ಸೆಂಟಿಮೀಟರ್ ಇಳಿದು ಬಿರುಕು ಬಿಟ್ಟು, ಆಮೇಲೆ ಶೀಲ್ಡು ಎಚ್ಚರವಾಗುತ್ತದೆ. ಎಮಲ್ಷನ್ನಿನಲ್ಲಿ ಎಣ್ಣೆ ಕಡಿಮೆಯಾದರೆ ಲೆಗ್ಗಿನ ಕ್ರೋಮ್ ಮೇಲೆ ತುಕ್ಕಿನ ಗುಳಿ, ಗುಳಿಗೆ ಸೀಲು ತಾಗಿ ಸೀಳು, ಸೀಳಿನಿಂದ ರಾತ್ರಿಯಿಡೀ ಸೋರಿಕೆ. ರಿಫ್ರಾಕ್ಟೋಮೀಟರಿನಲ್ಲಿ ಪ್ರತಿ ಪಾಳಿಯೂ ಪ್ರಮಾಣ ನೋಡಬೇಕು, ಗಡಸು ನೀರು ಬಳಸಬಾರದು. ಮಾಡಿನ ಭಾರ ಏಕಾಏಕಿ ಬಂದಾಗ ಯೀಲ್ಡ್ ವಾಲ್ವ್ ತೆರೆದು ಲೆಗ್ಗು ಸ್ವಲ್ಪ ಕುಗ್ಗಬೇಕು. ವಾಲ್ವ್ ಕಚ್ಚಿಕೊಂಡಿದ್ದರೆ ಲೆಗ್ಗೇ ಸಿಡಿಯುತ್ತದೆ. ಕುಗ್ಗಿ ಕುಗ್ಗಿ ಜಾಗ ಮುಗಿದರೆ ಲೆಗ್ಗು ಕಬ್ಬಿಣದ ಗಟ್ಟಿಯಾಗಿ ಕೂರುತ್ತದೆ. ಅಂಥ ಶೀಲ್ಡನ್ನು ಹೊರಗೆ ತರಬೇಕಾದರೆ ಕೆಳಗಿನ ನೆಲವನ್ನೋ ಮೇಲಿನ ಮಾಡನ್ನೋ ಅಗೆಯಬೇಕಾಗುತ್ತದೆ.

ಶಿವಮೊಗ್ಗದ ಒಂದು ಫೌಂಡ್ರಿಯಿಂದ: ಏಪ್ರಿಲಿನಲ್ಲಿ ತರಿಸಿ ರಾಶಿ ಹಾಕಿದ ಕಲ್ಲಿದ್ದಲು ಜೂನ್ ಮಳೆ ಬಿದ್ದ ಮೇಲೆ ಹೊಗೆಯಾಡಿತು. ಮಳೆಗೆ ಬೆಂಕಿ ಹೇಗೆ ಹತ್ತಿತು?

ಮಳೆ ಹೊತ್ತಿಸಲಿಲ್ಲ, ಒಳಗೆ ಕೂಡಿದ್ದ ಕಾವಿಗೆ ಇನ್ನಷ್ಟು ಸೇರಿಸಿತು. ಕಲ್ಲಿದ್ದಲು ಗಾಳಿಯ ಆಮ್ಲಜನಕ ಹೀರುತ್ತ ತಾನೇ ಬಿಸಿಯಾಗುತ್ತದೆ. ಬಿಸಿಲಿಗೆ ಒಣಗಿದ ಕಲ್ಲಿದ್ದಲು ನೀರು ಹೀರುವಾಗಲೂ ಶಾಖ ಬಿಡುತ್ತದೆ. ಲಾರಿಯಿಂದ ಎತ್ತರಕ್ಕೆ ಸುರಿದ ರಾಶಿಯಲ್ಲಿ ಗಟ್ಟಿಗಳು ಉರುಳಿ ಬುಡ ಸೇರುತ್ತವೆ, ಪುಡಿ ನಡುವೆ ನಿಲ್ಲುತ್ತದೆ. ಬುಡದ ಸಂದಿಯಿಂದ ಗಾಳಿ ನುಗ್ಗಿ ಪುಡಿಗೆ ತಾಗುತ್ತದೆ, ಆದರೆ ಕಾವನ್ನು ಹೊರಗೊಯ್ಯುವಷ್ಟು ಬೀಸುವುದಿಲ್ಲ. ಮುಂದಿನ ಸಲ ಒಂದಡಿ ದಪ್ಪ ಹರಡಿ ತುಳಿಸಿ ಅಥವಾ ರೋಲರ್ ಓಡಿಸಿ, ಮತ್ತೆ ಮೇಲೆ ಒಂದಡಿ. ರಾಶಿ ಆಳೆತ್ತರ ದಾಟದಿರಲಿ, ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಅದರ ಮೇಲೆ ಸುರಿಯಬೇಡಿ. ವಾರಕ್ಕೊಮ್ಮೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಆ ಜಾಗ ಬಗೆದು ಹರಡಿ ಆರಿಸಿ. ಮೇಲಿನಿಂದ ನೀರು ಹೊಡೆಯುವುದರಿಂದ ಬೆಂಕಿಯ ಗರ್ಭಕ್ಕೆ ನೀರು ಮುಟ್ಟುವುದಿಲ್ಲ, ಮುಟ್ಟಿದರೆ ಹಬೆ ಮುಖಕ್ಕೆ ಬಡಿಯುತ್ತದೆ.

ಗಣಿಯ ಗೋಫಿನಲ್ಲೂ ಇದೇ ರೋಗ. ಉಳಿದ ಪುಡಿ ಹತ್ತಿಕೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಮುಗಿಯುವಷ್ಟೇ ದೊಡ್ಡ ಭಾಗ ಗುರುತು ಹಾಕಿ, ತೆಗೆದು, ಗೋಡೆ ಕಟ್ಟಿ ಮುಚ್ಚುತ್ತಾರೆ.

ಮಾಸ್ತಿಕಟ್ಟೆಯಿಂದ: ನಮ್ಮ ವಾರಾಹಿಯ ಭೂಗರ್ಭ ವಿದ್ಯುದಾಗಾರವೂ ಬೆಟ್ಟದೊಳಗೇ ಇದೆ. ಅದಕ್ಕೆ ಈ ತಾಪತ್ರಯವೆಲ್ಲ ಯಾಕಿಲ್ಲ?

ಅದು ಗಟ್ಟಿ ಬಂಡೆಯಲ್ಲಿ ತಲೆಮಾರುಗಟ್ಟಲೆ ನಿಲ್ಲಲೆಂದು ಒಂದು ಸಲ ಕೊರೆದು ಭದ್ರ ಮಾಡಿದ ಕೋಣೆ. ಕಲ್ಲಿದ್ದಲಿನ ಓಣಿ ಕೆಲವು ತಿಂಗಳಿಗೋ ವರ್ಷಗಳಿಗೋ ಬೇಕಾದದ್ದು, ಮುಖ ದಿನವೂ ಜರುಗುತ್ತದೆ, ಮೀಥೇನ್ ಪದರದೊಳಗಿಂದಲೇ ಬರುತ್ತದೆ. ಎರಡಕ್ಕೂ ಸಮಾನವಾದದ್ದು ನೀರಿನ ಭಯ. ಧನ್‌ಬಾದಿನ ಬಳಿಯ ಚಸ್ನಾಲದಲ್ಲಿ 1975ರ ಡಿಸೆಂಬರ್ 27ರಂದು ಮೇಲಿನ ಹಳೇ ಗಣಿಯ ನೀರು ಒಡೆದು ನುಗ್ಗಿ 375 ಜನ ಸತ್ತರು. ನೀರು ತುಂಬಿದ ಹಳೇ ಜಾಗದ 60 ಮೀಟರಿನೊಳಗೆ ಹೋಗುವ ಮೊದಲು ವಿಶೇಷ ಅನುಮತಿ, ಮುಂದಕ್ಕೆ ತೂತು ಕೊರೆದು ನೋಡುವುದು ಕಡ್ಡಾಯ. ಹಳೇ ನಕ್ಷೆಯನ್ನು ನಂಬಿ ಅಳತೆ ಮಾಡುವುದು ಈ ಕೆಲಸದಲ್ಲಿ ನಡೆಯುವುದಿಲ್ಲ.

ಕೊಪ್ಪದಿಂದ ಒಬ್ಬ ತಾಯಿ: ಮಗಳು ಮೈನಿಂಗ್ ಓದುತ್ತೇನೆ ಅನ್ನುತ್ತಾಳೆ. ಹೆಣ್ಣುಮಕ್ಕಳನ್ನು ಗಣಿಯೊಳಗೆ ಬಿಡುತ್ತಾರೆಯೇ?

ಬಿಡುತ್ತಾರೆ. 1952ರ ಗಣಿ ಕಾಯ್ದೆಯಲ್ಲಿದ್ದ ನಿಷೇಧವನ್ನು 2019ರಲ್ಲಿ ಸಡಿಲಿಸಿದರು. ಆ ಸಡಿಲಿಕೆಯಂತೆ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸಕ್ಕೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ, ಅವರ ಲಿಖಿತ ಒಪ್ಪಿಗೆಯ ಮೇಲೆ, ನೆಲದಡಿಗೂ ಹೋಗಬಹುದಾಗಿತ್ತು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಇದೆ. ಓದಿನ ಜೊತೆಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸರ್ಟಿಫಿಕೇಟುಗಳೂ ಬೇಕಾಗುತ್ತವೆ: ಪ್ರಥಮ ಚಿಕಿತ್ಸೆ, ಗ್ಯಾಸ್ ಟೆಸ್ಟಿಂಗ್, ಆಮೇಲೆ ಓವರ್‌ಮನ್ (ಗಣಿಯ ಮೇಲ್ವಿಚಾರಕ) ಅಥವಾ ಮ್ಯಾನೇಜರ್ ಪರೀಕ್ಷೆ. ಗ್ಯಾಸ್ ಟೆಸ್ಟಿಂಗಿಗೆ ಕಣ್ಣು ಚುರುಕಾಗಿರಬೇಕು. ಅರ್ಜಿ ಹಾಕುವ ಮುಂಚೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.